ಕೊಡಲಿಗೆ ಭದ್ರವಾದ ಕಾವು

‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಎಂಬುದು ನಮ್ಮ ಹಿರಿಯರ ಗಾದೆ. ಮರದಿಂದ ಹುಟ್ಟಿದ ಕಾವೇ ಮರದ ಕುಲಕ್ಕೆ ಮುಳುವಾಗುತ್ತದೆಂಬುದು ಅದರ ತಾತ್ಪರ್ಯ. ಆದರೆ ಕಾವು ಸಡಿಲವಾಗಿದ್ದರೆ ಅದು ಮರಕ್ಕಿಂತ ಮೊದಲು ಮನುಷ್ಯನಿಗೇ ಮುಳುವಾಗುತ್ತದೆ. ಬೀಸಿದ ಕೊಡಲಿಯ ತಲೆ ಕಾವಿನಿಂದ ಕಳಚಿದರೆ ಅದು ಕವಣೆಯಿಂದ ಹಾರಿದ ಕಲ್ಲಿನಂತೆ ಹೋಗುತ್ತದೆ. ಎದುರಿಗೆ ಸೌದೆ ಆಯುವ ಹೆಂಗಸರಿರಬಹುದು, ಬದಿಯಲ್ಲಿ ಮಕ್ಕಳು ನಿಂತಿರಬಹುದು.

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಕೊಡಲಿಯಿಲ್ಲದ ರೈತನ ಮನೆ ಅಪರೂಪ. ಬಚ್ಚಲ ಒಲೆಗೆ, ಅಡಿಕೆ ಬೇಯಿಸುವ ಒಲೆಗೆ, ಬೇಲಿ ಗೂಟಕ್ಕೆ, ಗಾಳಿಗೆ ಬಿದ್ದ ಮರ ತುಂಡರಿಸುವುದಕ್ಕೆ ಅದು ಬೇಕೇ ಬೇಕು. ಗ್ಯಾಸ್ ಒಲೆ ಮತ್ತು ಯಂತ್ರದ ಗರಗಸ ಬಂದ ಮೇಲೂ ಕೊಡಲಿಯ ಕೆಲಸ ಮುಗಿದಿಲ್ಲ. ಹೀಗಿದ್ದರೂ ಅದಕ್ಕೆ ಕಾವು ಹಾಕುವ ಕೆಲಸವನ್ನು ನಾವು ಅವಸರದಲ್ಲಿ ಮುಗಿಸುತ್ತೇವೆ. ಕೈಗೆ ಸಿಕ್ಕ ಹಸಿ ಕೋಲನ್ನು ತೂರಿಸಿ, ಸಡಿಲವಾದರೆ ಒಂದು ಮೊಳೆ ಹೊಡೆದು, ಮತ್ತೂ ಸಡಿಲವಾದರೆ ನೀರಿನ ತೊಟ್ಟಿಯಲ್ಲಿ ನೆನೆಹಾಕುತ್ತೇವೆ. ಈ ಮೂರೂ ತಪ್ಪು ಕ್ರಮಗಳು. ಇವು ಏಕೆ ತಪ್ಪು, ಸರಿಯಾದ ಕ್ರಮ ಯಾವುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕಾವು ಸಡಿಲವಾಗುವುದೇಕೆ?

ಹಸಿ ಮರದಲ್ಲಿ ನೀರು ತುಂಬಿರುತ್ತದೆ. ಅದು ಒಣಗುತ್ತ ಬಂದಂತೆ ಮರ ಅಡ್ಡಡ್ಡಕ್ಕೆ ಕುಗ್ಗುತ್ತದೆ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಗಟ್ಟಿ ಜಾತಿಯ ಮರಗಳು ಪೂರ್ತಿ ಒಣಗುವಾಗ ಅಡ್ಡಡ್ಡಕ್ಕೆ ನೂರಕ್ಕೆ 5ರಿಂದ 10ರಷ್ಟು ಕುಗ್ಗಬಹುದು. ಕೊಡಲಿಯ ಕಣ್ಣಿನಲ್ಲಿ 40 ಮಿಲಿಮೀಟರ್ ಅಗಲದ ಹಸಿ ಕಾವನ್ನು ಬಿಗಿಯಾಗಿ ಕೂರಿಸಿದಿರೆಂದು ಇಟ್ಟುಕೊಳ್ಳಿ. ನೂರಕ್ಕೆ 5ರಷ್ಟು ಕುಗ್ಗಿದರೂ 2 ಮಿಲಿಮೀಟರ್ ಸಂದು ಬೀಳುತ್ತದೆ. ತಲೆ ಕಳಚಿ ಹಾರಲು ಅಷ್ಟು ಸಂದು ಧಾರಾಳ ಸಾಕು.

ಇನ್ನು ನೀರಿನಲ್ಲಿ ನೆನೆಹಾಕುವ ಪದ್ಧತಿಯ ವಿಷಯ. ನೆನೆದ ಮರ ಹಿಗ್ಗುತ್ತದೆ, ಕೊಡಲಿ ಬಿಗಿಯಾಗುತ್ತದೆ, ಇದು ನಿಜ. ಆದರೆ ಸುತ್ತಲಿನ ಕಬ್ಬಿಣ ಹಿಗ್ಗುವುದಿಲ್ಲ. ಹಿಗ್ಗಲು ಜಾಗವಿಲ್ಲದ ಮರದ ಎಳೆಗಳು ಕಬ್ಬಿಣಕ್ಕೆ ಒತ್ತಿಕೊಂಡು ಜಜ್ಜಿಹೋಗುತ್ತವೆ. ಮತ್ತೆ ಒಣಗಿದಾಗ ಆ ಮರ ಮೊದಲಿನ ಅಳತೆಗೆ ಬಾರದೆ ಅದಕ್ಕಿಂತಲೂ ಸಣ್ಣದಾಗುತ್ತದೆ. ಹೀಗೆ ನಾಲ್ಕಾರು ಸಲ ನೆನೆಸಿದ ಕಾವು ಪ್ರತಿ ಸಲವೂ ಹೆಚ್ಚು ಸಡಿಲವಾಗುತ್ತ ಹೋಗುತ್ತದೆ. ಬೆಳಿಗ್ಗೆ ಬಿಗಿಯಾಗಿದ್ದ ಕೊಡಲಿ ಮಧ್ಯಾಹ್ನದ ಬಿಸಿಲಿಗೆ ಅಲುಗಾಡುವುದು ಇದೇ ಕಾರಣಕ್ಕೆ. ನೆನೆಸುವುದು ಸಾಲ ತೀರಿಸಲು ಮತ್ತೊಂದು ಸಾಲ ಮಾಡಿದಂತೆ.

ಮಲೆನಾಡಿನ ಹವೆಯೂ ಇದೇ ಕೆಲಸವನ್ನು ನಿಧಾನವಾಗಿ ಮಾಡುತ್ತದೆ. ಮಳೆಗಾಲದ ತೇವದ ಗಾಳಿಯಲ್ಲಿ ಒಣ ಮರದ ತೇವಾಂಶ ನೂರಕ್ಕೆ 15ನ್ನೂ ಮೀರಬಹುದು. ಬೇಸಗೆಯಲ್ಲಿ ಅದು 10ರ ಆಸುಪಾಸಿಗೆ ಇಳಿಯುತ್ತದೆ. ಆದುದರಿಂದ ಮಳೆಗಾಲದಲ್ಲಿ ಹಾಕಿದ ಕಾವು ಬೇಸಗೆಯಲ್ಲಿ ಸಡಿಲವಾಗುತ್ತದೆ. ಚೆನ್ನಾಗಿ ಒಣಗಿದ ಮರಕ್ಕೆ ಮಾರ್ಚಿಯಿಂದ ಮೇ ತಿಂಗಳೊಳಗೆ ಕಾವು ಹಾಕಿದರೆ ಮರ ಅತ್ಯಂತ ಕುಗ್ಗಿದ ಸ್ಥಿತಿಯಲ್ಲಿರುತ್ತದೆ. ಅನಂತರ ಅದು ಬಿಗಿಯಾಗಬಹುದೇ ಹೊರತು ಸಡಿಲವಾಗುವ ಸಂಭವ ಕಡಿಮೆ. ಸೌದೆಯ ಕೆಲಸ ಹೆಚ್ಚಾಗಿ ನಡೆಯುವುದೂ ಮಳೆ ಹಿಡಿಯುವ ಮುಂಚೆಯೇ ಆದ್ದರಿಂದ ಈ ಕಾಲ ಎಲ್ಲ ರೀತಿಯಲ್ಲೂ ಅನುಕೂಲ.

ಮರದ ಆಯ್ಕೆ

ಕಾವಿನ ಮರ ಬರೇ ಗಟ್ಟಿಯಾಗಿದ್ದರೆ ಸಾಲದು. ಏಟಿನ ಪೆಟ್ಟನ್ನು ತಾಳಿಕೊಂಡು ಬಳುಕುವ ಗುಣವೂ ಇರಬೇಕು. ನಮ್ಮ ಭಾಗದ ಮರಗಳಲ್ಲಿ ತಡಸಲು ಮತ್ತು ದಿಂಡಿಗ ಈ ಕೆಲಸಕ್ಕೆ ಹೆಸರಾದವು. ತಡಸಲಿಗೆ ಬಳುಕು ಹೆಚ್ಚು, ದಿಂಡಿಗಕ್ಕೆ ಗಟ್ಟಿತನ ಹೆಚ್ಚು. ಬಯಲಿನ ಕಡೆ ಬದುಗಳ ಮೇಲೆ ಬೆಳೆಯುವ ಕರಿಜಾಲಿಯೂ ಉತ್ತಮ. ಹಿತ್ತಿಲಿನ ಸೀಬೆಯ ನೇರವಾದ ಕೊಂಬೆ ಹಗುರ ಕೊಡಲಿಗೆ ಸಾಕು. ಹುಣಸೆ ಬಹಳ ಗಟ್ಟಿ. ಆದರೆ ಅದರಲ್ಲಿ ನೇರ ಎಳೆಯ ತುಂಡು ಸಿಗುವುದು ಕಷ್ಟ. ಅದು ಕೊಡತಿಗೆ ಮತ್ತು ಬೆಣೆಗೆ ಒಳ್ಳೆಯದು. ಎಳೆಯ ನೀಲಗಿರಿ ಒಣಗುವಾಗ ತಿರುಚಿಕೊಂಡು ಸೀಳುತ್ತದೆ, ಮಾವು ಮೆದು. ಇವೆರಡನ್ನೂ ಕಾವಿಗೆ ಬಳಸಬಾರದು.

ಸೊರಬ ತಾಲ್ಲೂಕು ಕಾನುಗಳಿಗೆ ಹೆಸರಾದದ್ದು. 1868ರಷ್ಟು ಹಿಂದೆಯೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಈ ಕಾನುಗಳ ಬಗ್ಗೆ ಜಂಟಿ ವರದಿ ಬರೆದಿದ್ದರು. ಇಂದು ಉಳಿದಿರುವ ಕಾನುಗಳಲ್ಲಿ ನೇರವಾಗಿ ಬೆಳೆಯುತ್ತಿರುವ ಎಳೆ ಮರವೊಂದನ್ನು ಕಾವಿಗಾಗಿ ಕಡಿದರೆ, ನಾಳೆ ದೊಡ್ಡದಾಗಬೇಕಾಗಿದ್ದ ಮರವನ್ನೇ ಕಳೆದುಕೊಂಡಂತೆ. ಗಾದೆಯ ಮಾತು ನಿಜವಾಗುವುದು ಇಲ್ಲಿಯೇ. ಕಾಯ್ದಿಟ್ಟ ಅರಣ್ಯದಿಂದ ಮರ ತರುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಸ್ವಂತ ಜಮೀನಿನ ಮರಕ್ಕೂ ಕೆಲವು ಜಾತಿಗಳಿಗೆ ಅನುಮತಿ ಬೇಕಾಗುವುದರಿಂದ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸುವುದು ಲೇಸು. ಸಾಮಿಲ್ಲಿನಲ್ಲಿ ಉಳಿದ ತುಂಡುಗಳನ್ನು ಕೊಳ್ಳಬಹುದು. ಬದುವಿನ ಮೇಲೆ ನಾಲ್ಕು ತಡಸಲು ಅಥವಾ ಜಾಲಿ ಬೆಳೆಸಿಕೊಂಡರೆ ಮುಂದೆ ಮನೆಯ ಎಲ್ಲ ಉಪಕರಣಗಳಿಗೂ ಕಾವು ಮನೆಯಲ್ಲೇ ಸಿಗುತ್ತದೆ. ತಡಸಲು ಕಡಿದ ಬುಡದಿಂದ ಮತ್ತೆ ಚಿಗುರುವ ಮರ.

ಎಳೆಯ ಪರೀಕ್ಷೆ

ಮರದ ಜಾತಿಗಿಂತ ಎಳೆಯ ನೇರ ಮುಖ್ಯ. ಕಾವಿನ ಒಂದು ತುದಿಯಿಂದ ಹೊರಟ ಎಳೆ ಇನ್ನೊಂದು ತುದಿಯವರೆಗೂ ಓಡಬೇಕು. ನಡುವೆ ಬದಿಗೆ ಹಾಯ್ದು ಹೊರಬಿದ್ದರೆ ಕಾವು ಅಲ್ಲಿಯೇ ಓರೆಯಾಗಿ ಮುರಿಯುತ್ತದೆ. ಗರಗಸದಿಂದ ಕೊಯ್ದ ತುಂಡು ನೋಡಲು ನೇರವಾಗಿದ್ದರೂ ಎಳೆ ಓರೆಯಾಗಿರಬಹುದು. ಆದುದರಿಂದ ದಿಮ್ಮಿಯನ್ನು ಬೆಣೆ ಹಾಕಿ ಸೀಳುವುದು ಒಳ್ಳೆಯದು. ಸೀಳು ಎಳೆಯನ್ನೇ ಅನುಸರಿಸಿ ಹೋಗುತ್ತದೆ. ಓರೆಯಾಗಿ ಸೀಳಿದ ತುಂಡನ್ನು ಒಲೆಗೆ ಹಾಕಿ. ಗಂಟು, ಬಿರುಕು, ಹುಳು ಕೊರೆದ ತೂತು ಇರುವ ತುಂಡೂ ಬೇಡ. ದಿಮ್ಮಿಯ ನಟ್ಟನಡುವಿನ ತಿರುಳು ಕಾವಿನೊಳಗೆ ಬರದಂತೆ ನೋಡಿಕೊಳ್ಳಿ; ಅಲ್ಲಿಂದಲೇ ಬಿರುಕು ಹುಟ್ಟುತ್ತದೆ.

ಒಣಗಿಸುವ ವಿಧಾನ

ಸೀಳಿದ ತುಂಡನ್ನು ಬೇಕಾದ ದಪ್ಪಕ್ಕಿಂತ ಒಂದೂವರೆ ಪಟ್ಟು ದಪ್ಪವಾಗಿಯೂ, ಬೇಕಾದ ಉದ್ದಕ್ಕಿಂತ ಒಂದು ಗೇಣು ಹೆಚ್ಚಾಗಿಯೂ ಇಟ್ಟುಕೊಳ್ಳಬೇಕು. ಎರಡೂ ತುದಿಗಳಿಗೆ ಮೇಣ ಅಥವಾ ಹಳೆಯ ಬಣ್ಣ ಬಳಿಯಬೇಕು. ಹಾಗೆ ಮಾಡದಿದ್ದರೆ ತುದಿಗಳು ಬೇಗ ಒಣಗಿ ಬಿರುಕು ಬಿಡುತ್ತವೆ. ಅನಂತರ ನೆರಳಿನಲ್ಲಿ, ನೆಲಕ್ಕೆ ತಾಗದಂತೆ, ಗಾಳಿಯಾಡುವಲ್ಲಿ ಅಡ್ಡಪಟ್ಟಿಗಳ ಮೇಲೆ ಇಡಬೇಕು. ನೇರ ಬಿಸಿಲಿಗೆ ಇಡಬಾರದು. ಮಲೆನಾಡಿನ ಮನೆಗಳ ಅಟ್ಟ ಇದಕ್ಕೆ ಒಳ್ಳೆಯ ಜಾಗ. ಹೊಗೆಯಾಡುವ ಅಟ್ಟದಲ್ಲಿ ಹುಳುವಿನ ಕಾಟವೂ ಕಡಿಮೆ.

ಒಣಗಿತೋ ಇಲ್ಲವೋ ತಿಳಿಯುವುದು ಹೇಗೆ? ತಿಂಗಳಿಗೊಮ್ಮೆ ತಕ್ಕಡಿಯಲ್ಲಿ ತೂಗಿ, ತೂಕವನ್ನು ತುಂಡಿನ ಮೇಲೆಯೇ ಬರೆದಿಡಿ. ಮಳೆಯಿಲ್ಲದ ದಿನಗಳಲ್ಲಿ ಎರಡು ತಿಂಗಳು ತೂಕ ಇಳಿಯದೆ ನಿಂತರೆ ಒಣಗಿದೆಯೆಂದು ತಿಳಿಯಬಹುದು. ಕಾವಿನ ದಪ್ಪದ ಗಟ್ಟಿ ಮರಕ್ಕೆ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಬೇಕು. ಆದುದರಿಂದ ಕಾವು ಮುರಿದ ದಿನ ಮರ ಹುಡುಕುವುದಲ್ಲ. ಎರಡು ಮೂರು ತುಂಡುಗಳು ಸದಾ ಅಟ್ಟದ ಮೇಲಿರಬೇಕು.

ಹಳೆಯ ಕಾವನ್ನು ತೆಗೆಯುವುದು

ಮುರಿದ ಕಾವಿನ ತುಂಡು ಕಣ್ಣಿನಲ್ಲಿ ಸಿಕ್ಕಿಕೊಂಡಿದ್ದರೆ ಹಲವರು ತಲೆಯನ್ನೇ ಒಲೆಯ ಕೆಂಡಕ್ಕೆ ಹಾಕಿ ಸುಡುತ್ತಾರೆ. ಇದರಿಂದ ಕೊಡಲಿ ಹಾಳಾಗುತ್ತದೆ. ಕಮ್ಮಾರನು ಅಲಗನ್ನು ಕಾಸಿ, ನೀರಿಗೆ ಅದ್ದಿ, ಹದ ಕೊಟ್ಟಿರುತ್ತಾನೆ. ಅಲಗಿನ ಉಕ್ಕು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಅದರ ಶಾಖ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ, ಹದ ಇಳಿದಿದೆ ಎಂದರ್ಥ. ಅಂಥ ಅಲಗು ಎಷ್ಟು ಸಾಣೆ ಹಿಡಿದರೂ ಬೇಗ ಮೊಂಡಾಗುತ್ತದೆ. ಅದನ್ನು ಮತ್ತೆ ಕುಲುಮೆಗೆ ಒಯ್ಯದೆ ಗತಿಯಿಲ್ಲ.

ಸರಿಯಾದ ಕ್ರಮವೆಂದರೆ, ಕಾವನ್ನು ತಲೆಯ ಅಡಿಗೆ ಗರಗಸದಿಂದ ಕೊಯ್ದು ಹಾಕಿ, ಕಣ್ಣಿನೊಳಗಿನ ಮರಕ್ಕೆ ಬೈರಿಗೆಯಿಂದ ನಾಲ್ಕೈದು ತೂತು ಕೊರೆಯಬೇಕು. ಆಗ ಮರದ ಬಿಗಿ ಸಡಿಲುತ್ತದೆ. ಬಳಿಕ ಅಗಲವಾದ ಬಾಯಿಯ ಕಡೆಗೆ ಬರುವಂತೆ ಮೊಂಡು ಕಬ್ಬಿಣವಿಟ್ಟು ಹೊಡೆದರೆ ತುಂಡು ಹೊರಬೀಳುತ್ತದೆ. ಹಳೆಯ ಮೊಳೆಗಳಿದ್ದರೆ ಇಕ್ಕಳದಿಂದ ತೆಗೆಯಿರಿ. ಕಣ್ಣಿನ ಒಳಗಿನ ತುಕ್ಕನ್ನು ಅರದಿಂದ ಉಜ್ಜಿ, ಎರಡು ಬಾಯಿಗಳ ಚೂಪು ಅಂಚನ್ನು ಸ್ವಲ್ಪ ಮೊಂಡು ಮಾಡಬೇಕು. ಈ ಅಂಚು ಚೂಪಾಗಿದ್ದರೆ ಕಾವನ್ನು ಅಲ್ಲಿಯೇ ಕತ್ತರಿಸುತ್ತದೆ.

ಕಣ್ಣನ್ನು ಮೊದಲು ನೋಡಿ

ಕಾವಿನ ತುದಿ ಹೊರಗೆ ಕಾಣುವ ಬಾಯಿಯನ್ನು ಮೇಲ್ಬಾಯಿ ಎಂದೂ, ಕೈ ಇರುವ ಕಡೆಯದನ್ನು ಕೆಳಬಾಯಿ ಎಂದೂ ಕರೆಯೋಣ. ಕೊಡಲಿಯನ್ನು ಬೀಸಿದಾಗ ತಲೆ ಯಾವಾಗಲೂ ಕೈಯಿಂದ ದೂರಕ್ಕೆ, ಅಂದರೆ ಮೇಲ್ಬಾಯಿಯ ಕಡೆಗೆ ಓಡಲು ನೋಡುತ್ತದೆ. ಅದನ್ನು ತಡೆಯುವ ಉಪಾಯ ಒಂದೇ: ಮೇಲ್ಬಾಯಿಯಲ್ಲಿ ಮರ ಕಣ್ಣಿನ ನಡುವಿಗಿಂತ ದಪ್ಪವಾಗಿರಬೇಕು. ಇದನ್ನು ಎರಡು ರೀತಿಯಲ್ಲಿ ಸಾಧಿಸಬಹುದು.

ಮೊದಲನೆಯದು ಮೇಲಿನಿಂದ ಇಳಿಸುವ ಕಾವು. ಗುದ್ದಲಿ, ಪಿಕಾಸಿಗಳ ಕಾವು ಈ ಬಗೆಯದು. ಕಾವಿನ ಒಂದು ತುದಿಯನ್ನು ದಪ್ಪ ಬಿಟ್ಟು, ಸಣ್ಣ ತುದಿಯನ್ನು ಮೇಲ್ಬಾಯಿಯಿಂದ ತೂರಿಸಿ ಎಳೆದರೆ ದಪ್ಪ ತುದಿ ಕಣ್ಣಿನಲ್ಲಿ ಕಚ್ಚಿಕೊಳ್ಳುತ್ತದೆ. ಇದಕ್ಕೆ ಬೆಣೆ ಬೇಡ. ಪ್ರತಿ ಏಟಿಗೂ ತಾನೇ ಬಿಗಿಯಾಗುತ್ತದೆ. ದೊಡ್ಡ ಗುಂಡನೆಯ ಕಣ್ಣಿರುವ ಕುಲುಮೆ ಕೊಡಲಿಗಳಿಗೆ ಇದು ಹೊಂದುತ್ತದೆ. ಕಣ್ಣಿನ ಅಗಲವಾದ ಬಾಯಿಯೇ ಮೇಲಕ್ಕೆ ಬರಬೇಕು. ತಲೆಕೆಳಗಾಗಿ ಹಾಕಿದರೆ ಅಪಾಯ.

ಎರಡನೆಯದು ಕೆಳಗಿನಿಂದ ಏರಿಸಿ ಬೆಣೆ ಹೊಡೆಯುವ ಕಾವು. ಅಂಗಡಿಯಲ್ಲಿ ಕೊಳ್ಳುವ, ಉದ್ದನೆಯ ಕಣ್ಣಿನ ಕೊಡಲಿಗಳಿಗೆ ಇದೇ ಸರಿ. ಕಣ್ಣಿಗಿಂತ ದಪ್ಪವಾದ ಹಿಡಿ ಬೇಕಾದಾಗಲೂ ಇದೇ ಅನುಕೂಲ. ಇಲ್ಲಿ ಮೇಲ್ಬಾಯಿಯ ಮರವನ್ನು ಬೆಣೆಯಿಂದ ಅಗಲಿಸಿ ದಪ್ಪ ಮಾಡುತ್ತೇವೆ. ಈ ಬಗೆಯಲ್ಲೇ ತಪ್ಪುಗಳು ಹೆಚ್ಚಾದ್ದರಿಂದ ಮುಂದಿನ ವಿವರ ಇದಕ್ಕೆ ಸಂಬಂಧಿಸಿದ್ದು.

ಕಾವನ್ನು ಕೂರಿಸುವ ಕ್ರಮ

1. ಒಂದರಿಂದ ಒಂದೂವರೆ ಕಿಲೋ ತೂಕದ ತಲೆಗೆ 70ರಿಂದ 80 ಸೆಂಟಿಮೀಟರ್ ಉದ್ದದ ಕಾವು ಸಾಕು. ಕಂಕುಳಿನಿಂದ ಬೆರಳ ತುದಿಯವರೆಗಿನ ನಿಮ್ಮ ಅಳತೆಯೂ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ.

2. ಒಣ ತುಂಡನ್ನು ಬಾಚಿಯಿಂದ ಕೆತ್ತಿ ಕಾವಿನ ರೂಪಕ್ಕೆ ತನ್ನಿ. ಹಿಡಿಯ ಭಾಗ ಗುಂಡಗಿರದೆ ಮೊಟ್ಟೆಯಾಕಾರವಾಗಿರಲಿ. ಆಗ ಅಲಗು ಯಾವ ಕಡೆಗಿದೆಯೆಂದು ಕಣ್ಣಿಗಿಂತ ಮೊದಲು ಕೈಗೇ ತಿಳಿಯುತ್ತದೆ. ಹಿಂತುದಿಯಲ್ಲಿ ಸ್ವಲ್ಪ ದಪ್ಪ ಬಿಟ್ಟರೆ ಬೆವರಿದ ಕೈಯಿಂದ ಜಾರುವುದಿಲ್ಲ.

3. ತಲೆಗೆ ಹೋಗುವ ತುದಿಯನ್ನು ಕಣ್ಣಿನ ಅಳತೆಗಿಂತ ಕೊಂಚ ದಪ್ಪವಾಗಿಯೇ ಬಿಡಿ. ಕಣ್ಣಿನ ಒಳಗೆ ದೀಪದ ಮಸಿ ಅಥವಾ ಎಣ್ಣೆಯಲ್ಲಿ ಕಲಸಿದ ಇದ್ದಲ ಪುಡಿ ಸವರಿ, ತಲೆಯನ್ನು ತುದಿಗೆ ತೊಡಿಸಿ ಹಿಂದಕ್ಕೆ ತೆಗೆಯಿರಿ. ಮರದ ಮೇಲೆ ಮಸಿ ಹತ್ತಿದ ಕಡೆ ಮಾತ್ರ ಅರದಿಂದ ಉಜ್ಜಿ. ಹೀಗೆ ಹತ್ತು ಹದಿನೈದು ಸಲವಾದರೂ ತೊಡಿಸಿ ತೆಗೆಯಬೇಕಾಗುತ್ತದೆ. ಕೊನೆಗೆ ಕೆಳಬಾಯಿಯ ಸುತ್ತ ಎಲ್ಲೂ ಬೆಳಕು ನುಸುಳಬಾರದು. ಇಡೀ ಕೆಲಸದಲ್ಲಿ ತಾಳ್ಮೆ ಬೇಕಾದ ಹಂತ ಇದೊಂದೇ. ಇಲ್ಲಿ ಉಳಿಸಿದ ಅರ್ಧ ಗಂಟೆಯನ್ನು ಯಾವ ಬೆಣೆಯೂ ಸರಿದೂಗಿಸಲಾರದು.

4. ತಲೆಯನ್ನು ತೆಗೆದು, ಕಾವಿನ ತುದಿಯಲ್ಲಿ ಗರಗಸದಿಂದ ಬೆಣೆಗಾಗಿ ಒಂದು ಸೀಳು ಕೊಯ್ಯಿರಿ. ಸೀಳು ಅಲಗಿನ ಕಡೆಯಿಂದ ಕೊಡಲಿಯ ಬೆನ್ನಿನ ಕಡೆಗೆ ನೇರವಾಗಿರಬೇಕು. ಆಳ ಕಣ್ಣಿನ ಆಳದ ಮೂರನೆಯ ಎರಡು ಭಾಗ ಮಾತ್ರ. ಅದಕ್ಕಿಂತ ಆಳವಾದರೆ ಸೀಳು ಕಣ್ಣಿನಿಂದ ಕೆಳಗಿಳಿದು ಕಾವೇ ಒಡೆಯುತ್ತದೆ.

5. ತಲೆಯನ್ನು ತೊಡಿಸಿ, ಕಾವನ್ನು ತಲೆ ಕೆಳಗಾಗಿ ತೂಗುವಂತೆ ಒಂದು ಕೈಯಲ್ಲಿ ಹಿಡಿದು, ಮೇಲೆ ಬಂದಿರುವ ಹಿಂತುದಿಗೆ ಮರದ ಕೊಡತಿಯಿಂದ ಹೊಡೆಯಿರಿ. ತಲೆ ನೆಲಕ್ಕೆ ತಾಗಿರಬಾರದು. ಭಾರವಾದ ತಲೆ ತನ್ನ ಜಡತ್ವದಿಂದ ನಿಂತಲ್ಲೇ ನಿಲ್ಲುತ್ತದೆ, ಕಾವು ಅದರೊಳಕ್ಕೆ ನುಗ್ಗುತ್ತದೆ. ಕಾವನ್ನು ನೆಲಕ್ಕೆ ಊರಿ ತಲೆಯ ಮೇಲೆ ಬಡಿಯುವುದಕ್ಕಿಂತ ಇದು ಸುಲಭ. ತಲೆ ಓರೆಯಾಗುವ ಭಯವೂ ಇಲ್ಲ. ಹೊಡೆತದ ಸದ್ದು ಬದಲಾಗಿ ತಲೆ ಮುಂದೆ ಸರಿಯದೆ ನಿಂತರೆ ಸಾಕು.

6. ಈಗ ಹಿಂತುದಿಯಿಂದ ಒಂದು ಕಣ್ಣು ಮುಚ್ಚಿ ನೋಡಿ. ಅಲಗಿನ ಗೆರೆ ಕಾವಿನ ನೇರಕ್ಕಿರಬೇಕು. ಓರೆಯಿದ್ದರೆ ಬೆಣೆ ಹೊಡೆಯುವ ಮೊದಲೇ ಸರಿಪಡಿಸಿ.

7. ಬೆಣೆ ಕಾವಿಗಿಂತಲೂ ಹೆಚ್ಚು ಒಣಗಿದ ಗಟ್ಟಿ ಮರದ್ದಾಗಿರಬೇಕು. ಅಗಲ ಕಣ್ಣಿನ ಉದ್ದದಷ್ಟು, ಉದ್ದ ಸೀಳಿನ ಆಳಕ್ಕಿಂತ ಸ್ವಲ್ಪ ಹೆಚ್ಚು, ದಪ್ಪ ತುದಿ 6ರಿಂದ 8 ಮಿಲಿಮೀಟರ್ ಇರಲಿ. ಏಕಾಏಕಿ ದಪ್ಪವಾಗುವ ಗಿಡ್ಡ ಬೆಣೆ ಪೆಟ್ಟಿಗೆ ಹಿಂದಕ್ಕೆ ಪುಟಿಯುತ್ತದೆ. ನಿಧಾನವಾಗಿ ದಪ್ಪವಾಗುವ ಬೆಣೆ ಕಚ್ಚಿಕೊಳ್ಳುತ್ತದೆ. ಬೆಣೆಗೆ ಎಣ್ಣೆ ಸವರಬಾರದು. ಸಣ್ಣ ಸಣ್ಣ ಪೆಟ್ಟುಗಳಿಂದ, ಅದು ಮುಂದೆ ಹೋಗಲು ಒಪ್ಪದವರೆಗೆ ಹೊಡೆಯಿರಿ.

8. ಹೆಚ್ಚಾದ ಮರವನ್ನು ಕೊಯ್ಯುವಾಗ ಕಬ್ಬಿಣದ ಮಟ್ಟಕ್ಕೆ ಕೊಯ್ಯದೆ 4–5 ಮಿಲಿಮೀಟರ್ ಹೊರಗೆ ಬಿಡಿ. ಹೊರಗೆ ಅಗಲಿಸಿ ನಿಂತ ಈ ಮರ ತಲೆಗೆ ಕೊನೆಯ ತಡೆ.

ಮೊಳೆ ಹೊಡೆಯುವುದು ಏಕೆ ತಪ್ಪೆಂಬುದು ಈಗ ತಿಳಿಯುತ್ತದೆ. ಮೊಳೆ ಒಂದೇ ಜಾಗದಲ್ಲಿ ಚುಚ್ಚಿ ಮರವನ್ನು ಸೀಳುತ್ತದೆಯೇ ಹೊರತು ಕಣ್ಣಿನ ಉದ್ದಕ್ಕೂ ಮರವನ್ನು ಒತ್ತುವುದಿಲ್ಲ. ತುಕ್ಕು ಹಿಡಿದಾಗ ಸುತ್ತಲಿನ ಮರವನ್ನೂ ಕೆಡಿಸುತ್ತದೆ. ಅಗತ್ಯ ಬಿದ್ದರೆ ಕಮ್ಮಾರನಿಂದ ಚಪ್ಪಟೆಯಾದ ಕಬ್ಬಿಣದ ಬೆಣೆಯೊಂದನ್ನು ಮಾಡಿಸಿ, ಮರದ ಬೆಣೆಗೆ ಓರೆಯಾಗಿ ಹೊಡೆಯಬಹುದು.

ಎಣ್ಣೆ ಮತ್ತು ನಯ

ಕಾವನ್ನು ಗಾಜಿನ ಚೂರಿನಿಂದ ಹೆರೆದು ನಯ ಮಾಡಿ. ವಾರ್ನಿಷ್ ಬೇಡ, ಅದು ಕೈಗೆ ಜಾರುತ್ತದೆ, ಬೊಬ್ಬೆ ಬರಿಸುತ್ತದೆ. ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ, ಒಂದು ದಿನ ಬಿಟ್ಟು ಮತ್ತೆ ಸವರಿ. ಹೀಗೆ ಮೂರು ಸಲ ಮಾಡಿ. ಕಣ್ಣಿನ ಮೇಲ್ಬಾಯಿಯಲ್ಲಿ ಕಾಣುವ ಮರದ ತುದಿಗೆ ಹೆಚ್ಚು ಹಾಕಿ, ಏಕೆಂದರೆ ಮರ ನೀರು ಕುಡಿಯುವುದು ಹೆಚ್ಚಾಗಿ ತುದಿಯಿಂದಲೇ. ಅಗಸೆ ಎಣ್ಣೆ ಒಣಗಿ ಪೊರೆ ಕಟ್ಟುತ್ತದೆ. ಹೊಂಗೆ ಎಣ್ಣೆ ಹಾಗೆ ಒಣಗದೆ ಜಿಡ್ಡಾಗಿ ಉಳಿಯುತ್ತದೆ. ಒಂದು ಎಚ್ಚರಿಕೆ: ಅಗಸೆ ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಕಾವೇರಿ ಬೆಂಕಿ ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರವಿ ಒಣಗಿಸಿ.

ಬಳಸುವ ಮುನ್ನ

ಹೊಸ ಕಾವಿನ ಕೊಡಲಿಯನ್ನು ಮೊದಲು ಯಾರೂ ಇಲ್ಲದ ಬಯಲಿನಲ್ಲಿ, ಮೆದು ಮರದ ದಿಮ್ಮಿಯ ಮೇಲೆ ಇಪ್ಪತ್ತು ಮೂವತ್ತು ಏಟು ಹಾಕಿ ನೋಡಿ. ತಲೆ ಸರಿದಿದೆಯೇ ತಿಳಿಯಲು ಕೆಳಬಾಯಿಯ ಬಳಿ ಕಾವಿನ ಸುತ್ತ ಸೀಸದಕಡ್ಡಿಯಿಂದ ಒಂದು ಗೆರೆ ಎಳೆದಿಡಿ. ಗೆರೆ ಮತ್ತು ಕಬ್ಬಿಣದ ನಡುವೆ ಅಂತರ ಬಿದ್ದರೆ ತಲೆ ಸರಿದಿದೆ ಎಂದರ್ಥ; ಬೆಣೆಯನ್ನು ಮತ್ತೆ ಬಡಿದು ನೋಡಿ. ಅದಕ್ಕೂ ನಿಲ್ಲದಿದ್ದರೆ ಕಾವು ಬದಲಿಸಿ. ಪ್ರತಿದಿನ ಕೆಲಸಕ್ಕೆ ಮೊದಲು ಈ ಗೆರೆ ನೋಡುವುದು ಒಂದು ಕ್ಷಣದ ಕೆಲಸ. ಕೂಲಿಯವರ ಕೈಗೆ ಕೊಡಲಿ ಕೊಡುವಾಗ ಇದನ್ನು ನೋಡಿಕೊಡುವುದು ಕೊಡುವವನ ಹೊಣೆ. ಸೌದೆ ಒಡೆಯುವಾಗ ಎದುರಿಗೂ ಹಿಂದೆಯೂ ಯಾರೂ ಇರಬಾರದು. ಮಕ್ಕಳನ್ನು ಅಂಗಳದಿಂದ ದೂರವಿಡಬೇಕು. ಗಾಯವಾದರೆ ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿದು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಸಣ್ಣ ಗಾಯವಾದರೂ ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು.

ಕೊಡಲಿಯನ್ನು ಬಚ್ಚಲ ಒದ್ದೆ ನೆಲದ ಮೇಲೂ ಬಿಸಿಲಿಗೂ ಬಿಡಬಾರದು. ಒಲೆಯ ತೀರ ಹತ್ತಿರವೂ ಬೇಡ. ಗಾಳಿಯಾಡುವ ನೆರಳಿನ ಗೋಡೆಗೆ ತೂಗುಹಾಕಿ. ಮಹಾನವಮಿಗೆ ಆಯುಧಗಳನ್ನು ತೊಳೆದು ಪೂಜೆಗಿಡುವ ಪದ್ಧತಿ ನಮ್ಮಲ್ಲಿದೆ. ಅಂದು ಕೊಡಲಿಯನ್ನು ತೊಳೆದ ತಕ್ಷಣ ಒರೆಸಿ, ಬೆಣೆ, ಗೆರೆ, ಎಳೆಗಳನ್ನು ಪರೀಕ್ಷಿಸುವುದನ್ನೂ ಪೂಜೆಯ ಭಾಗವಾಗಿ ಮಾಡಿಕೊಂಡರೆ ಮುಂದಿನ ಅಡಿಕೆ ಕೊಯ್ಲಿನ ಸೌದೆ ಕೆಲಸಕ್ಕೆ ಉಪಕರಣ ಸಿದ್ಧವಾಗಿರುತ್ತದೆ.

ನೆನಪಿಡಿ

• ಹಸಿ ಮರಕ್ಕೆ ಕಾವಿನ ಯೋಗ್ಯತೆಯಿಲ್ಲ. ಒಣಗಿದ, ನೇರ ಎಳೆಯ ಮರವನ್ನೇ ಬಳಸಿ.
• ಬೇಸಗೆಯಲ್ಲಿ ಕಾವು ಹಾಕಿ, ಮಳೆಗಾಲದಲ್ಲಿ ಬೇಡ.
• ಸಡಿಲವಾದ ಕೊಡಲಿಯನ್ನು ನೀರಿನಲ್ಲಿ ನೆನೆಸಬೇಡಿ, ಮೊಳೆ ಹೊಡೆಯಬೇಡಿ.
• ಹಳೆಯ ಕಾವು ತೆಗೆಯಲು ತಲೆಯನ್ನು ಬೆಂಕಿಗೆ ಹಾಕಬೇಡಿ.
• ಮೇಲ್ಬಾಯಿಯಲ್ಲಿ ಮರ ದಪ್ಪವಾಗಿರಲಿ, ಕೆಳಬಾಯಿಯಲ್ಲಿ ಸಂದಿಲ್ಲದಿರಲಿ.
• ಅಟ್ಟದ ಮೇಲೆ ಎರಡು ಕಾವಿನ ತುಂಡು ಸದಾ ಒಣಗುತ್ತಿರಲಿ.

ವಿಸ್ತರಣಾ ಕಾರ್ಯಕರ್ತರು ಗ್ರಾಮಸಭೆಗಳಲ್ಲಿ ಬೆಳೆ ಮತ್ತು ಗೊಬ್ಬರದ ಮಾತಿನ ಜೊತೆಗೆ ಇಂಥ ಒಂದು ಕಾವು ಹಾಕುವ ಪ್ರಾತ್ಯಕ್ಷಿಕೆಯನ್ನು ಊರಿನ ಬಡಗಿ ಮತ್ತು ಕಮ್ಮಾರರ ನೆರವಿನಿಂದ ಏರ್ಪಡಿಸಿದರೆ ಒಳ್ಳೆಯದು. ಅದಕ್ಕೆ ಬೇಕಾಗುವುದು ಒಂದು ಒಣ ತುಂಡು, ಒಂದು ಅರ, ಒಂದು ಕೊಡತಿ ಮತ್ತು ಅರ್ಧ ದಿನದ ತಾಳ್ಮೆ ಮಾತ್ರ.